ಹಲಗೆಯ ಕೆಳಗೆ ನೀರು

ಬೆಳಿಗ್ಗೆ ಪಂಪ್‌ಮನೆಯ ಬಾಗಿಲು ತೆರೆದಾಗ ಪಂಪಣ್ಣ ಮೊದಲು ದೀಪ ಹಾಕುವುದಿಲ್ಲ. ಕತ್ತಲಲ್ಲೇ ಗೋಡೆ ಹಿಡಿದು ನಡೆದು ದೊಡ್ಡ ಪಂಪಿನ ಬೆನ್ನ ಮೇಲೆ ಅಂಗೈ ಇಡುತ್ತಾರೆ, ಮಗುವಿಗೆ ಜ್ವರ ಇಳಿದಿದೆಯೇ ಎಂದು ಮುಟ್ಟಿ ನೋಡುವ ಹಾಗೆ. ಎಷ್ಟು ಬಿಸಿ ಇದೆ, ಎಷ್ಟು ನಡುಗುತ್ತಿದೆ, ಒಳಗೆ ಗಾಳಿ ಸೇರಿಕೊಂಡಿದೆಯೇ ಎಂಬುದೆಲ್ಲ ಕೈಗೆ ಗೊತ್ತಾಗುತ್ತದೆ. ದೀಪ ಆಮೇಲೆ. ಚಹಾ ಅದಕ್ಕೂ ಆಮೇಲೆ.

ಪಂಪಣ್ಣ ಎಂಬುದು ಅವರ ಹೆಸರಲ್ಲ. ಪಂಪು ನೋಡಿಕೊಳ್ಳುವ ಅಣ್ಣ ಎಂದು ಯಾರೋ ಕರೆದದ್ದು ಹಾಗೇ ನಿಂತುಬಿಟ್ಟಿದೆ. ಸಂಬಳದ ದಿನ ಗುಮಾಸ್ತರು ನಿಜವಾದ ಹೆಸರು ಕೂಗಿದರೆ ಅವರೂ ಉಳಿದವರ ಜೊತೆ ಅತ್ತಿತ್ತ ನೋಡುತ್ತಾರೆ. ಚಾವಣಿ ಇರುವ ಆ ಈಜುಕೊಳದಲ್ಲಿ ನೀರು ತುಂಬಿಸುವುದು, ಸೋಸುವುದು, ಅದಕ್ಕೆ ಔಷಧಿ ಬೆರೆಸುವುದು, ವರ್ಷಕ್ಕೊಮ್ಮೆ ಪೂರ್ತಿ ಹೊರಗೆ ಬಿಟ್ಟು ತೊಟ್ಟಿ ತಿಕ್ಕಿಸುವುದು, ಎಲ್ಲವೂ ಅವರದೇ. ಕೆಲಸಕ್ಕೆ ಸೇರಿದಾಗ ಕಪ್ಪಗಿದ್ದ ಮೀಸೆ ಈಗ ಪೂರ್ತಿ ಬೆಳ್ಳಗಾಗಿದೆ. ಈಜು ಮಾತ್ರ ಇನ್ನೂ ಬರುವುದಿಲ್ಲ. ಯಾರಾದರೂ ಅದನ್ನೆತ್ತಿ ಕೆಣಕಿದರೆ ಅವರ ಬಳಿ ಸಿದ್ಧ ಉತ್ತರವಿದೆ: "ಬಸ್ ರಿಪೇರಿ ಮಾಡೋನು ಬಸ್ಸಿನ ಹಾಗೆ ಓಡ್ಬೇಕಾ?"

ಮಗಳು ಕನ್ನಡಕದ ಅಂಗಡಿಯಲ್ಲಿ ಕೆಲಸ ಮಾಡುತ್ತಾಳೆ. ಗಾಜು ಉಜ್ಜಿ ಚೌಕಟ್ಟಿಗೆ ಕೂರಿಸುವ ಹುಡುಗ ಅದೇ ಅಂಗಡಿಯವನು. ಇಬ್ಬರೂ ಒಪ್ಪಿಕೊಂಡ ಮೇಲೆ ಮನೆಯವರಿಗೆ ಉಳಿದದ್ದು ಮದುವೆ ಎಲ್ಲಿ ಎಂಬ ಪ್ರಶ್ನೆ.

ಪಂಪಣ್ಣ, ಅವರ ಹೆಂಡತಿ ಸೇರಿ ಊರಿನ ಹಾಲ್‌ಗಳನ್ನೆಲ್ಲ ನೋಡಿಬಂದರು. ಒಂದು ಕಡೆ ಬಾಡಿಗೆಯೇನೋ ಕೈಗೆಟಕುವಂತಿತ್ತು, ಆದರೆ ಕುರ್ಚಿಗೆ ಬೇರೆ, ಕುರ್ಚಿಗೆ ಹೊದಿಸುವ ಬಟ್ಟೆಗೆ ಬೇರೆ, ಆ ಬಟ್ಟೆಯ ಬೆನ್ನಿಗೆ ಕಟ್ಟುವ ರಿಬ್ಬನ್ನಿಗೆ ಬೇರೆ ಕೊಡಬೇಕಿತ್ತು. ಇನ್ನೊಂದರಲ್ಲಿ ಮ್ಯಾನೇಜರು ನಡೆಯುತ್ತಲೇ ದೀಪ ಹಾಕುತ್ತ, ಇವರು ದಾಟಿದ ಕೂಡಲೇ ಆರಿಸುತ್ತ ಬಂದ. ಹಲ್ಲಿನ ಆಸ್ಪತ್ರೆಯಲ್ಲಿ ಸ್ವಚ್ಛತೆ ಕೆಲಸ ಮಾಡುವ ಹೆಂಡತಿ ಹೊರಗೆ ಬಂದು ಚಪ್ಪಲಿ ಹಾಕಿಕೊಳ್ಳುತ್ತ ಅಂದರು: "ಒಳಗೆ ಉಸಿರಾಡಿದ್ದಕ್ಕೆ ಏನೂ ಕೇಳ್ಲಿಲ್ಲ, ನಮ್ಮ ಪುಣ್ಯ."

ಈಜುಕೊಳದ ಹಾಲ್ ಹೊಳೆದದ್ದು ಆ ದಾರಿಯಲ್ಲೇ. ವರ್ಷದ ತೊಳೆಯುವ ಕೆಲಸಕ್ಕೆಂದು ಕೊಳ ಒಂದು ವಾರ ಮುಚ್ಚಿರುತ್ತದೆ. ಎತ್ತರದ ಚಾವಣಿ, ಉದ್ದನೆಯ ಗಾಜಿನ ಕಿಟಕಿಗಳು, ಮೂರು ಬದಿಗೂ ಜನ ಕೂರುವ ಕಲ್ಲಿನ ಗ್ಯಾಲರಿ. ನಡುವೆ ತೊಟ್ಟಿ. ತೊಟ್ಟಿಯ ಮೇಲೆ ಹಲಗೆ ಹಾಸಿದರೆ ಊರಿನ ಯಾವ ಹಾಲಿಗೂ ಕಡಿಮೆಯಿಲ್ಲ. ಹಿಂದೊಮ್ಮೆ ಕುಸ್ತಿ ಪಂದ್ಯಕ್ಕೆ ಹಾಗೆ ಮಾಡಿದ್ದನ್ನು ಪಂಪಣ್ಣ ಕಣ್ಣಾರೆ ಕಂಡಿದ್ದರು. ಕೊಳದ ಕಾರ್ಯದರ್ಶಿ ಹಳೆಯ ನೌಕರನ ಮಾತಿಗೆ ಇಲ್ಲ ಎನ್ನಲಿಲ್ಲ. ಹೇಗೆ ಕೊಟ್ಟಿದ್ದೇವೋ ಹಾಗೇ ವಾಪಸು ಕೊಡಬೇಕು, ಅಷ್ಟೇ ಅವರ ಷರತ್ತು.

ಹಲಗೆ ಹಾಸುವವರನ್ನು ಹುಡುಕಿಕೊಂಡು ಹೋಗಬೇಕಾಗಿರಲಿಲ್ಲ. ಪಂಪಣ್ಣನ ಬಾಮೈದ ಕಟ್ಟಡಗಳಿಗೆ ಸಾರುವೆ ಕಟ್ಟುವ ಮೇಸ್ತ್ರಿ. ಕಬ್ಬಿಣದ ಕೊಳವೆ, ಕ್ಲಾಂಪು, ಹಲಗೆ ಎಲ್ಲ ಅವನ ಗೋದಾಮಿನಲ್ಲೇ ಬಿದ್ದಿರುತ್ತವೆ.

"ಅಕ್ಕನ ಮಗಳ ಮದುವೆಗೆ ನನ್ನ ಉಡುಗೊರೆ ನೆಲ," ಎಂದ ಅವನು. "ಬೇರೆಯವ್ರು ಚಿನ್ನ ಕೊಡ್ತಾರೆ. ನಾನು ನಿಲ್ಲೋಕೆ ಜಾಗ ಕೊಡ್ತೀನಿ."

ಒಪ್ಪದೆ ಉಳಿದವರು ಒಬ್ಬರೇ, ಹುಡುಗನ ಸೋದರತ್ತೆ. ತಂದೆತಾಯಿ ಇಲ್ಲದ ಅವನನ್ನು ಸಾಕಿದವರು. ಬೀದಿಯ ತಿರುವಿನಲ್ಲಿ ಲಾಂಡ್ರಿ ನಡೆಸುವುದರಿಂದ ಎಲ್ಲರಿಗೂ ಲಾಂಡ್ರಿ ಅತ್ತೆ. ದಿನವಿಡೀ ಮೊಣಕೈವರೆಗೆ ನೀರಿನಲ್ಲಿರುವ ಅವರಿಗೆ ಮೊಣಕಾಲು ಮುಳುಗುವಷ್ಟು ನೀರು ಕಂಡರೆ ಮಾತು ನಿಂತುಹೋಗುತ್ತದೆ. ಚಿಕ್ಕಂದಿನಲ್ಲಿ ಯಾವುದೋ ಕೆರೆಯಲ್ಲಿ ಆದದ್ದು. ಅದನ್ನು ಅವರು ಸಾಕಿದ ಹುಡುಗನಿಗೂ ಪೂರ್ತಿ ಹೇಳಿಲ್ಲ.

ಪಂಪಣ್ಣ ಅವರನ್ನು ಕರೆದುಕೊಂಡು ಬಂದು ಒಣಗಿದ ತೊಟ್ಟಿ ತೋರಿಸಿದರು. ತೊಟ್ಟಿಗಿಳಿಯುವ ಮೆಟ್ಟಿಲಿನ ಕಡೆ ಸೊಂಟದಷ್ಟೇ ಆಳ. ಅಲ್ಲಿಂದ ನೆಲ ಜಾರುತ್ತ ಹೋಗಿ, ಆಚೆ ತುದಿಯಲ್ಲಿ ಒಬ್ಬರ ಹೆಗಲ ಮೇಲೊಬ್ಬರು ನಿಂತರೂ ಮೇಲಿನವರ ತಲೆ ಅಂಚಿಗೆ ಬರುವುದಿಲ್ಲ. ಬಾಮೈದನ ಆಳುಗಳು ಕೊಳವೆಗಳನ್ನು ನಿಲ್ಲಿಸುತ್ತಿದ್ದರು. ನೆಲ ಇಳಿಜಾರಾದ್ದರಿಂದ ಆಳದ ಕಡೆಯ ಪ್ರತಿ ಕಾಲಿನ ಕೆಳಗೂ ಮರದ ದಿಮ್ಮಿ, ದಿಮ್ಮಿಯ ಸಂದಿಗೆ ಬೆಣೆ. ಬಾಮೈದ ಸುತ್ತಿಗೆಯಿಂದ ಬೆಣೆ ಬಡಿಯುತ್ತ ಅತ್ತೆಗೆ ಕೇಳುವಂತೆ ಹೇಳಿದ: "ಅಮ್ಮಾ, ಇದರ ಮೇಲೆ ಬಸ್ ನಿಲ್ಲಿಸಬಹುದು. ಪ್ರಯಾಣಿಕರ ಸಮೇತ."

ಅತ್ತೆ ನಗಲಿಲ್ಲ. ಅವನನ್ನು ಬಿಟ್ಟು ಪಂಪಣ್ಣನ ಕಡೆ ತಿರುಗಿದರು.

"ನೀರು?"

"ಒಂದು ಹನಿ ಇರಲ್ಲ, ಬೀಗರೇ. ನೀರಿನ ಚಕ್ರ ಇರೋದು ನನ್ನ ಕೈಲಿ. ನಾನು ತಿರುಗಿಸಿದ್ರೆ ತಾನೇ?"

"ಹಾಗಾದ್ರೆ ನಿಮ್ಮ ಮಾತಿನ ಮೇಲೆ ಬರ್ತೀನಿ," ಎಂದು ಅವರು ಸೆರಗಿನಿಂದ ಕೈ ಒರೆಸಿಕೊಂಡರು.

ಮದುವೆಯ ಹಿಂದಿನ ಸಂಜೆ ಎಲ್ಲ ಮುಗಿದಿತ್ತು. ಮೆಟ್ಟಿಲಿನ ಕಡೆ ಚಿಕ್ಕ ವೇದಿಕೆ, ಅದರ ಮುಂದೆ ಕುರ್ಚಿಗಳು. ಆಳದ ಕಡೆ ಊಟದ ಮೇಜುಗಳು. ನೋಂದಣಿ ಅಧಿಕಾರಿಯ ಮುಂದೆ ಸಹಿಯಾಗುವವರೆಗೆ ಎಲ್ಲರೂ ಈ ಕಡೆ ಕೂರುವುದು, ಸಹಿಯಾದ ಮೇಲೆ ಎದ್ದು ಆ ಕಡೆ ಊಟಕ್ಕೆ ಹೋಗುವುದು ಎಂದು ಲೆಕ್ಕ. ಕೆಲಸದವರು ಹೊರಟ ಮೇಲೆ ಪಂಪಣ್ಣ ಪಂಪ್‌ಮನೆಗೆ ಬೀಗ ಹಾಕಲು ಹೋದರು. ಆಗಲೇ ಅಡುಗೆಯವನ ಫೋನು ಬಂತು. ಚಮಚ ಸಾಲುವುದಿಲ್ಲ, ಬಾಡಿಗೆಗೆ ತರಬೇಕು ಎಂದು ಅವನು. ಚಮಚವಿಲ್ಲದೆ ತಿನ್ನುವುದನ್ನೇ ಮಾಡು ಎಂದು ಇವರು. ಕಿವಿಗೆ ಫೋನು ಒತ್ತಿಕೊಂಡೇ ದೀಪ ಆರಿಸಿದರು, ಚಿಂದಿಯಲ್ಲಿ ಕೈ ಒರೆಸಿದರು, ಬೀಗ ಹಾಕಿದರು, ಮನೆಗೆ ಹೋದರು.

ಮರುದಿನ ಬೆಳಿಗ್ಗೆ ಅವರು ಹೊಸ ಕೋಟು ತೊಟ್ಟು ಬಾಗಿಲಲ್ಲಿ ನಿಂತಿದ್ದರು. ಕೋಟಿನ ತೋಳು ಒಂದಿಷ್ಟು ಉದ್ದವಾಗಿ, ಕೈ ಮುಗಿದಾಗಲೆಲ್ಲ ಬೆರಳು ಮಾತ್ರ ಕಾಣುತ್ತಿತ್ತು. ಕುರ್ಚಿಗಳು ಅರ್ಧಕ್ಕಿಂತ ಹೆಚ್ಚು ತುಂಬಿದ್ದವು. ಲಾಂಡ್ರಿ ಅತ್ತೆ ಹುಡುಗನ ತೋಳು ಹಿಡಿದು ಒಳಗೆ ಬಂದರು. ಹಲಗೆಯ ಮೇಲೆ ಕಾಲಿಡುವ ಮೊದಲು ಮೂಗು ಅರಳಿಸಿದರು.

"ಬೀಗರೇ, ಬ್ಲೀಚಿಂಗ್ ವಾಸನೆ ಬರ್ತಿದೆಯಲ್ಲ?"

"ಗೋಡೆ ತೊಳೆದಿದ್ದು. ಅಷ್ಟು ಬೇಗ ಹೋಗಲ್ಲ ಅದು," ಎಂದರು ಪಂಪಣ್ಣ. ಅದು ನಿಜವೆಂದೇ ಅವರು ನಂಬಿದ್ದರು.

ಅತ್ತೆ ಮುಂದೆ ಹೋಗಿ ಮೊದಲ ಸಾಲಿನಲ್ಲಿ ಕೂತರು. ಅಷ್ಟರಲ್ಲಿ ಯಾರದೋ ಪುಟ್ಟ ಹುಡುಗಿ ಕುರ್ಚಿಗಳ ನಡುವಿನಿಂದ ತಪ್ಪಿಸಿಕೊಂಡು ಆಳದ ಕಡೆ ಓಡಿದಳು. ಬೂಟು ತೊಟ್ಟ ಕಾಲುಗಳು ದಬದಬ ಎಂದು ಹಲಗೆ ಮೇಲೆ ಬಿದ್ದವು. ಪಂಪಣ್ಣ ಯಾರಿಗೋ ಕೈ ಮುಗಿಯುತ್ತಿದ್ದವರು ಹಾಗೇ ನಿಂತರು.

ಹಿಂದಿನ ದಿನ ಅದೇ ಹಲಗೆಗಳ ಮೇಲೆ ನಡೆದರೆ ಖಾಲಿ ತೊಟ್ಟಿ ಕೆಳಗಿನಿಂದ ಗುಂಯ್ ಎಂದು ಉತ್ತರ ಕೊಡುತ್ತಿತ್ತು. ಆಳುಗಳು ಅದಕ್ಕೆ ತಾಳ ಹಾಕಿ ಕುಣಿದೂ ಇದ್ದರು. ಈಗ ಸದ್ದು ಗಿಡ್ಡವಾಗಿತ್ತು. ನಲ್ಲಿಯ ಕೆಳಗಿಟ್ಟ ಕೊಡ ತುಂಬುತ್ತ ಬಂದಂತೆ ಸದ್ದು ಬದಲಾಗುತ್ತದಲ್ಲ, ಹಾಗೆ.

ಅವರು ನಿಧಾನವಾಗಿಯೇ ನಡೆದರು. ಮದುಮಗಳ ಅಪ್ಪ ಓಡಿದರೆ ಜನ ಎದ್ದು ನಿಲ್ಲುತ್ತಾರೆ. ಪಂಪ್‌ಮನೆಯ ಬೀಗಕ್ಕೆ ಕೀಲಿ ಎರಡು ಸಲ ತಪ್ಪಿತು. ಒಳಗೆ ದಪ್ಪ ಪೈಪು ಮಂಜುಗಟ್ಟಿದಂತೆ ತಣ್ಣಗೆ ಬೆವರುತ್ತಿತ್ತು. ಒಳಹರಿವಿನ ವಾಲ್ವಿನ ಚಕ್ರ ಪೂರ್ತಿ ತೆರೆದಿತ್ತು.

ತೊಳೆಯುವ ಕೆಲಸ ಮುಗಿದ ಸಂಜೆ ನೀರು ಬಿಟ್ಟೇ ಮನೆಗೆ ಹೋಗಬೇಕೆಂಬುದು ಅಲ್ಲಿನ ಹಳೆಯ ನಿಯಮ. ಖಾಲಿ ತೊಟ್ಟಿಯನ್ನು ಹೆಚ್ಚು ದಿನ ಹಾಗೇ ಬಿಟ್ಟರೆ ಕೆಳಗಿನ ಒದ್ದೆ ಮಣ್ಣು ನೆಲವನ್ನು ಮೇಲಕ್ಕೆ ಒತ್ತಿ ಟೈಲ್ಸ್ ಏಳಿಸುತ್ತದೆ. ದೀಪ ಆರಿಸು, ಕೈ ಒರೆಸು, ಚಕ್ರ ತಿರುಗಿಸು, ಬೀಗ ಹಾಕು. ಪ್ರತಿ ವರ್ಷ ಇದೇ ಕ್ರಮ. ಈ ಸಲ ಬೇಡವೆಂದು ಕಾರ್ಯದರ್ಶಿಯ ಅಪ್ಪಣೆ ಪಡೆದವರೂ ಪಂಪಣ್ಣನೇ. ತಲೆಗೆ ಅದು ಗೊತ್ತಿತ್ತು. ತಲೆ ಚಮಚದ ಜಗಳದಲ್ಲಿದ್ದಾಗ ಕೈ ತನ್ನ ಪಾಡಿಗೆ ಕೆಲಸ ಮುಗಿಸಿತ್ತು.

ಚಕ್ರ ಮುಚ್ಚಿದರು. ಹೊರಗೆ ಬಿಡುವ ವಾಲ್ವಿಗೂ ಕೈ ಹೋಯಿತು, ಮತ್ತೆ ಹಿಂದಕ್ಕೆ ಬಂತು. ನೀರು ಖಾಲಿಯಾಗಲು ಸಂಜೆಯಾಗುತ್ತದೆ. ಅದಕ್ಕಿಂತ ಹೆಚ್ಚಾಗಿ, ಹೊರದಾರಿ ಇರುವುದು ಆಳದ ತುದಿಯಲ್ಲಿ. ಅಲ್ಲಿಗೆ ನುಗ್ಗುವ ಸೆಳೆತ ದಿಮ್ಮಿಗಳನ್ನು ತನ್ನ ಜೊತೆ ಎಳೆದುಕೊಂಡರೆ? ಒಣ ಮರ ಟೈಲ್ಸನ್ನು ಕಚ್ಚಿಕೊಂಡು ನಿಲ್ಲುತ್ತದೆ. ನೆನೆದ ಮರ ಸಾಬೂನಿನ ಹಾಗೆ. ಅಲ್ಲದೆ ಮರ ತೇಲುತ್ತದೆ.

ಕೋಟು, ಬೂಟು ಬಿಚ್ಚಿಟ್ಟು ಟಾರ್ಚು ತೆಗೆದುಕೊಂಡರು. ವೇದಿಕೆಯ ಪರದೆಯ ಹಿಂದೆ ಕೆಳಗಿಳಿಯಲು ಒಂದು ಕಿಂಡಿ ಬಿಟ್ಟಿತ್ತು. ಅದರಿಂದ ಇಳಿದು ಕೊಳವೆಗಳ ನಡುವೆ ಬಗ್ಗಿಕೊಂಡು ಹೊರಟರು. ಮೆಟ್ಟಿಲಿನ ಕಡೆ ನೆಲ ಒಣಗಿಯೇ ಇತ್ತು. ಕುರ್ಚಿಗಳ ಸಾಲು ದಾಟಿದ ಮೇಲೆ ಕಾಲ್ಬೆರಳಿಗೆ ನೀರು ತಾಗಿತು. ಆಮೇಲೆ ಹಿಮ್ಮಡಿ, ಮೊಣಕಾಲು, ಸೊಂಟ. ಟೈಲ್ಸ್ ಕಾಲಿನಡಿ ಜಾರುತ್ತಿತ್ತು. ಟಾರ್ಚು ಬಾಯಲ್ಲಿ ಕಚ್ಚಿ ಎರಡೂ ಕೈಯಲ್ಲಿ ಕೊಳವೆ ಹಿಡಿದು ಹಿಡಿದು ಮುಂದೆ ಹೋದರು. ನೀರು ಎದೆಗೆ ಬಂದಾಗ ನಿಂತರು. ಅದಕ್ಕಿಂತ ಮುಂದೆ ಅವರು ಜೀವನದಲ್ಲಿ ಎಂದೂ ಹೋದವರಲ್ಲ.

ತಲೆಯ ಮೇಲೆ ಮದುವೆ ನಡೆಯುತ್ತಿತ್ತು. ಕುರ್ಚಿ ಎಳೆಯುವ ಕಿರ್ರ್ ಸದ್ದು, ಹಿಮ್ಮಡಿಗಳ ಟಕಟಕ, ಯಾರೋ ಕೆಮ್ಮಿದ್ದು. ಹಲಗೆಗಳ ಸಂದಿನಿಂದ ಬೆಳಕಿನ ಗೆರೆಗಳು ನೀರಿನ ಮೇಲೆ ಬಿದ್ದಿದ್ದವು. ಯಾರಾದರೂ ನಡೆದಾಗ ಗೆರೆ ಅಳಿಸಿಹೋಗಿ ಮತ್ತೆ ಮೂಡುತ್ತಿತ್ತು.

"ಹುಡುಗಿ ಅಪ್ಪ ಎಲ್ಲಿ?" ಎಂದು ಗಂಡಸಿನ ದನಿ ಕೇಳಿತು.

"ಇಲ್ಲೇ ಇದ್ರು. ಪಂಪ್‌ಮನೆಗೆ ಹೋಗಿರ್ಬೇಕು," ಎಂದಿತು ಹೆಂಡತಿಯ ದನಿ. "ಮದುವೆ ದಿನಾನೂ ಆ ಪಂಪನ್ನ ಮಾತಾಡಿಸ್ದೆ ಆಗಲ್ಲ ಅವರಿಗೆ." ಸುತ್ತಲಿದ್ದವರು ನಕ್ಕರು.

ಟಾರ್ಚಿನ ಬೆಳಕಿನೊಳಗೆ ಏನೋ ತೇಲಿಬಂತು. ಬೆಣೆ. ಅದರ ಹಿಂದೆ ಇನ್ನೊಂದು. ಆಮೇಲೆ ದಿಮ್ಮಿಯೊಂದು ಬಂದು ನಾಯಿಮರಿಯ ಹಾಗೆ ಅವರ ಎದೆಗೆ ಮೆತ್ತಗೆ ತಾಗಿ ನಿಂತಿತು. ಪಂಪಣ್ಣ ಬೆಳಕನ್ನು ಮುಂದಕ್ಕೆ ಹಾಯಿಸಿದರು. ಮೂಲೆಯ ಕಾಲೊಂದು ನೆಲ ಮುಟ್ಟದೆ ನೇತಾಡುತ್ತಿತ್ತು. ಪಕ್ಕದ ಕಾಲಿನ ದಿಮ್ಮಿ ಇಳಿಜಾರಿನಲ್ಲಿ ಅರ್ಧ ಜಾರಿತ್ತು. ಅಷ್ಟರಲ್ಲಿ ನೆತ್ತಿಯ ಮೇಲೆ ಗಡಗಡ ಎಂದು ಭಾರವಾದದ್ದೇನೋ ಉರುಳಿತು. ಅಡುಗೆಯವರು ಪಾತ್ರೆಗಳ ಗಾಡಿಯನ್ನು ಊಟದ ಮೇಜಿನ ಕಡೆ ತಳ್ಳುತ್ತಿದ್ದರು. ಅರ್ಧ ಜಾರಿದ್ದ ದಿಮ್ಮಿ ಇನ್ನಷ್ಟು ಸರಿಯಿತು. ಕೊಳವೆ ಟೈಲ್ಸಿಗೆ ಉಜ್ಜಿದ ಸದ್ದು ನೀರಿನೊಳಗಿನಿಂದ ಅವರ ಮೊಣಕಾಲಿನವರೆಗೂ ಬಂತು.

ಅವರಿಗೆ ಕೂಗಬೇಕೆನಿಸಿತು. ಕೂಗಿದರೆ ಜನ ದಿಕ್ಕಾಪಾಲಾಗಿ ಓಡುತ್ತಾರೆ.

"ಭಾವ?" ಹಿಂದಿನಿಂದ ದನಿ. ಬಾಮೈದ ಕಿಂಡಿಯಿಂದ ಇಳಿದು ಬಗ್ಗಿಕೊಂಡು ಬರುತ್ತಿದ್ದ. "ಅಕ್ಕ ಹುಡುಕ್ತಿದ್ದಾಳೆ. ಇಲ್ಲೇನ್ ಮಾಡ್ತಿದ್ದೀರಿ, ಸ್ನಾನಕ್ಕೆ ಇಳಿದ್ರಾ?"

"ಮೆತ್ತಗೆ ಮಾತಾಡು."

ಬಾಮೈದ ನೀರಿಗೆ ಬಂದ. ಬೆಳಕು ಬಿದ್ದ ಕಡೆ ನೋಡಿದ. ಅವನ ಮುಖದ ನಗು ಹಾಗೇ ಅಂಟಿಕೊಂಡಿತ್ತು, ಕಣ್ಣು ಮಾತ್ರ ನಗುತ್ತಿರಲಿಲ್ಲ.

"ಯಾರು ಬಿಟ್ಟಿದ್ದು ನೀರು? ಯಾರಂತ ಹೇಳಿ, ಅವನ ಕೈ ಮುರೀತೀನಿ."

"ನಾನೇ ಕಣೋ."

"ನಿಮಗೇನು ತಲೆ ಕೆಟ್ಟಿತ್ತಾ?"

"ತಲೆ ನೆಟ್ಟಗಿತ್ತು. ಕೈ ಕೆಟ್ಟಿತ್ತು."

ಬಾಮೈದ ತೇಲುತ್ತಿದ್ದ ದಿಮ್ಮಿಯನ್ನು ಹಿಡಿದು, ಉಸಿರು ಬಿಗಿಹಿಡಿದು ಮುಳುಗಿ, ನೇತಾಡುವ ಕಾಲಿನ ಕೆಳಗೆ ತುರುಕಲು ನೋಡಿದ. ಅವನಿಗಿಂತ ಮೊದಲು ದಿಮ್ಮಿ ಮೇಲೆ ಬಂತು. ಮತ್ತೊಮ್ಮೆ ನೋಡಿದ. ಕೂದಲಿನಿಂದ ನೀರು ಸುರಿಸುತ್ತ ಎದ್ದವನು ಪಿಸುಗುಟ್ಟಿದ: "ಮೇಲಿನ ಭಾರ ಎತ್ತದೆ ಇದು ಕೂರಲ್ಲ."

"ಗೊತ್ತು."

"ಈ ಕಡೆ ಕಾಲುಗಳು ಗಟ್ಟಿ ಇವೆ. ಒಣ ನೆಲ. ವೇದಿಕೆಗೇನೂ ಆಗಲ್ಲ." ಅವನು ಹತ್ತಿರ ಬಂದ. "ಕೇಳಿ ಭಾವ. ಇನ್ನೇನು ಆಫೀಸರ್ ಬರ್ತಾರೆ. ಸಹಿ ಆಗ್ಲಿ. ಅಲ್ಲಿವರೆಗೂ ಬಾಯಿ ಬಿಡ್ಬೇಡಿ. ಆಮೇಲೆ ಊಟ ಬೇರೆ ಕಡೆ ಅಂದ್ರಾಯ್ತು. ಆ ಲಾಂಡ್ರಿ ಅತ್ತೆಗೆ ಈಗ ಗೊತ್ತಾದ್ರೆ ಹುಡುಗನ್ನ ಎಳ್ಕೊಂಡು ಹೊರಟೇ ಹೋಗ್ತಾರೆ. ಮದುವೆ ಇಲ್ಲೇ ಮುಗೀತು."

ಪಂಪಣ್ಣ ಆ ಹೊತ್ತು ಹೆದರಿದ್ದು ಎರಡಕ್ಕೆ. ಒಂದು ತಲೆಯ ಮೇಲಿತ್ತು, ಇನ್ನೊಂದು ಮೊದಲ ಸಾಲಿನಲ್ಲಿ ಕೂತಿತ್ತು. ಬಾಮೈದ ಹೇಳಿದ್ದರಲ್ಲಿ ಸುಳ್ಳೇನಿಲ್ಲ ಎಂಬುದೂ ಅವರಿಗೆ ಕಾಣುತ್ತಿತ್ತು. ಸಹಿಗೆ ಮುಂಚೆ ಹೇಳಿದರೆ ಮಗಳ ಮದುವೆ ಹೋಗಬಹುದು. ಸಹಿಯಾದ ಮೇಲೆ ಹೇಳಿದರೆ ಏನೂ ಹೋಗುವುದಿಲ್ಲ, ಅಷ್ಟರೊಳಗೆ ಯಾರೂ ಆ ಕಡೆ ಹೋಗದಿದ್ದರೆ.

ಮೇಲೆ ದಬದಬ ಎಂದು ಮತ್ತೆ ಸಣ್ಣ ಬೂಟುಗಳು ಓಡಿದವು. ಬೆಳಕಿನ ಗೆರೆಗಳು ಒಂದೊಂದಾಗಿ ಅಳಿಸುತ್ತ ನೇರ ಮೂಲೆಯ ಕಡೆ ಹೋದವು. ನೇತಾಡುತ್ತಿದ್ದ ಕಾಲು ಅಲುಗಿತು.

"ನೀನು ಇಲ್ಲಿ ನಿಲ್ಬೇಡ," ಎಂದರು ಪಂಪಣ್ಣ. "ಇದರ ಕೆಳಗೆ ಯಾರೂ ನಿಲ್ಲೋದು ಬೇಡ. ಮೇಲೆ ಹೋಗಿ ಆ ಮಗೂನ ಎತ್ಕೋ. ಅಡುಗೆಯವರನ್ನ ಈ ಕಡೆ ಕರ್ಕೊಂಡು ಬಾ. ಓಡ್ಬೇಡ, ನಡಿ."

"ನೀವು?"

"ನಾನು ಹೇಳಿ ಬರ್ತೀನಿ."

ಬಾಮೈದ ಮುಂದೆ ಹೋದ. ಪಂಪಣ್ಣನಿಗೆ ಜಾರುವ ನೆಲದಲ್ಲಿ ಏರಿ ಬರುವುದು ಇಳಿದು ಹೋದದ್ದಕ್ಕಿಂತ ಕಷ್ಟವಾಯಿತು. ಎರಡು ಸಲ ಕಾಲು ಹೋಯಿತು. ಒಮ್ಮೆ ನೀರು ಬಾಯಿಗೆ ನುಗ್ಗಿತು. ಕಿಂಡಿಯಿಂದ ಹೊರಗೆ ಬಂದಾಗ ಅವರ ಅಂಗಿ ಮೈಗೆ ಅಂಟಿತ್ತು, ಪ್ಯಾಂಟಿನಿಂದ ನೀರು ಸುರಿಯುತ್ತಿತ್ತು. ಪರದೆ ಸರಿಸಿ ವೇದಿಕೆಯ ಪಕ್ಕಕ್ಕೆ ಬಂದರು. ನೋಂದಣಿ ಅಧಿಕಾರಿ ಆಗಷ್ಟೇ ಬಂದು ಪೆನ್ನಿನ ಮುಚ್ಚಳ ತೆಗೆಯುತ್ತಿದ್ದರು. ಮಗಳು ಅಪ್ಪನನ್ನು ನೋಡಿ ಮೊದಲು ನಕ್ಕಳು. ಆಮೇಲೆ ನಗು ನಿಂತಿತು.

ಪಂಪಣ್ಣ ನೇರ ಲಾಂಡ್ರಿ ಅತ್ತೆಯ ಮುಂದೆ ಹೋಗಿ ನಿಂತರು. ಅವರ ಪಾದಗಳ ಸುತ್ತ ಹಲಗೆ ಕಪ್ಪಗೆ ನೆನೆಯುತ್ತಿತ್ತು. ಅತ್ತೆ ನೋಡಿದ್ದು ಅದನ್ನೇ.

"ಬೀಗರೇ, ಕೆಳಗೆ ನೀರಿದೆ," ಎಂದರು ಪಂಪಣ್ಣ.

"ಎಷ್ಟು?"

"ಆಚೆ ತುದಿಯಲ್ಲಿ ನನ್ನ ಎದೆ ದಾಟುತ್ತೆ. ಈ ಕಡೆ ಇಲ್ಲ. ಆ ಕಡೆ ಕಾಲುಗಳು ಜಾರ್ತಿವೆ. ಯಾರೂ ಅಲ್ಲಿಗೆ ಹೋಗಬಾರದು."

"ಯಾರು ಬಿಟ್ಟಿದ್ದು?"

"ನಾನೇ. ನಿನ್ನೆ ಸಂಜೆ. ಗೊತ್ತಿಲ್ಲದೆ."

ಅತ್ತೆ ಎದ್ದರು. ವೇದಿಕೆಯ ಬಳಿ ಹೋಗಿ ಹುಡುಗನ ಮಣಿಕಟ್ಟು ಹಿಡಿದರು. ಅವನಿಗೆ ಅರ್ಥವಾಗುವ ಮುಂಚೆಯೇ ಅವನನ್ನು ಹಲಗೆಯಿಂದ ಇಳಿಸಿ ಗ್ಯಾಲರಿಯ ಕಲ್ಲಿನ ಮೆಟ್ಟಿಲು ಹತ್ತಿಸಿದ್ದರು. ಸಭೆಯಲ್ಲಿ ಗುಜುಗುಜು ಎದ್ದಿತು. ಹಿಂದಿನ ಸಾಲಿನಲ್ಲಿ ಯಾರೋ ಹೇಳಿದರು: "ಆಯ್ತು, ಮುರೀತು. ನಾನು ಆಗ್ಲೇ ಅಂದಿದ್ದೆ." ಏನು ಅಂದಿದ್ದರು ಎಂದು ಯಾರೂ ಕೇಳಲಿಲ್ಲ.

ಪಂಪಣ್ಣ ಕೈ ಎತ್ತಿ ಎಲ್ಲರನ್ನೂ ಗ್ಯಾಲರಿಗೆ ಹತ್ತಲು ಹೇಳಿದರು. ತಮ್ಮ ಸಾಲಿನ ತುದಿಯಿಂದಲೇ, ಒಬ್ಬರ ಹಿಂದೊಬ್ಬರು. ದನಿ ಅವರದೇ ಎನಿಸುತ್ತಿರಲಿಲ್ಲ. ಜನ ಎದ್ದರು. ಬಾಮೈದ ಆಳದ ಕಡೆಯಿಂದ ಪುಟ್ಟ ಹುಡುಗಿಯನ್ನು ಕಂಕುಳಲ್ಲಿ ಎತ್ತಿಕೊಂಡು ಬರುತ್ತಿದ್ದ. ಅವಳು ಅವನ ಒದ್ದೆ ಕಿವಿ ಹಿಡಿದು ಎಳೆಯುತ್ತಿದ್ದಳು. ಅಡುಗೆಯವನು ಮಾತ್ರ ಗಾಡಿ ಬಿಟ್ಟು ಅಲುಗಲಿಲ್ಲ.

"ಪಾತ್ರೆ ಬಿಟ್ಟು ಬರಕ್ಕಾಗುತ್ತೇನ್ರೀ? ಬಿಸಿ ಇದೆ. ಇಷ್ಟು ಜನಕ್ಕೆ ಅನ್ನ ಹಾಕೋರ್ಯಾರು?"

"ಮೊದಲು ನೀನು ಬಾ ಮಾರಾಯ!" ಎಂದು ಬಾಮೈದ ಮಗುವನ್ನು ಯಾರಿಗೋ ಕೊಟ್ಟು ವಾಪಸು ಓಡಿದ. ನಡೆಯಬೇಕೆಂಬುದು ಅವನಿಗೆ ಮರೆತಿತ್ತು. ಅಡುಗೆಯವನ ಕಾಲರು ಹಿಡಿದು ಎಳೆದುಕೊಂಡೇ ಬಂದ. ಇಬ್ಬರೂ ಬೈದಾಡುತ್ತ ಹಾಲಿನ ನಡುವಿಗೆ ಬಂದಿದ್ದರು.

ಆಗ ಮೂಲೆ ಇಳಿಯಿತು. ಮುರಿದ ಸದ್ದೇನೂ ಬರಲಿಲ್ಲ. ಒಂದು ಉದ್ದನೆಯ ನರಳಿಕೆ, ಆಮೇಲೆ ದಪ್ಪಗೆ ಒಂದು ಗುದ್ದು. ಹಲಗೆಗಳು ಒಂದು ಗೇಣು ಕೆಳಗೆ ಹೋಗಿ ನಿಂತವು. ಮೇಜಿನ ಮೇಲಿದ್ದ ತಟ್ಟೆಗಳ ಗೋಪುರ ವಾಲಿತು. ಪಾತ್ರೆಗಳ ಗಾಡಿ ತಾನೇ ಹೊರಟು, ನಿಧಾನವಾಗಿ ಉರುಳುತ್ತ ಹೋಗಿ ಮೂಲೆಯ ಏಣಿಯ ಕಂಬಿಗೆ ತಾಗಿತು. ಹಲಗೆಗಳ ಸಂದಿನಲ್ಲಿ ನೀರು ಚಿಮ್ಮಿ ಮತ್ತೆ ಇಳಿಯಿತು.

ಅಡುಗೆಯವನು ಬಾಮೈದನ ತೋಳನ್ನು ಎರಡೂ ಕೈಯಿಂದ ಹಿಡಿದುಕೊಂಡಿದ್ದ.

ಅವರಿಬ್ಬರೂ ಕಲ್ಲಿನ ಮೇಲೆ ಕಾಲಿಟ್ಟ ಮೇಲೆ ಪಂಪಣ್ಣನೂ ಹತ್ತಿದರು. ಹೆಂಡತಿ ಎದುರಿಗೆ ಬಂದರು. ಗಂಡನ ಅಂಗಿಯನ್ನು ಹಿಡಿದು ಹಿಂಡಿದರು, ಬಟ್ಟೆ ಹಿಂಡುವ ಹಾಗೆ, ಜೋರಾಗಿ. "ಈಜು ಬರಲ್ಲ ಅಲ್ವಾ ನಿಮಗೆ? ಬರಲ್ಲ ಅಲ್ವಾ?" ಎಂದು ಅದನ್ನೇ ಕೇಳಿದರು.

ಲಾಂಡ್ರಿ ಅತ್ತೆ ಮೇಲಿನ ಮೆಟ್ಟಿಲಲ್ಲಿ ಕೂತಿದ್ದರು. ಹುಡುಗನ ಮಣಿಕಟ್ಟು ಇನ್ನೂ ಬಿಟ್ಟಿರಲಿಲ್ಲ. ಅವರ ತುಟಿ ಬಿಳುಚಿತ್ತು. ಪಂಪಣ್ಣ ಹತ್ತಿರ ಹೋಗಲು ಹೆದರಿ ಎರಡು ಮೆಟ್ಟಿಲು ಕೆಳಗೇ ನಿಂತರು. ಮಗಳು ಹೋದಳು.

"ಅತ್ತೆ," ಎಂದಳು.

"ಆ ಹಲಗೆ ಮೇಲೆ ನನ್ನ ಹುಡುಗ ಇನ್ನು ಕಾಲಿಡಲ್ಲ."

"ಬೇಡ."

"ನಿಮ್ಮಪ್ಪ ಮಾತು ಕೊಟ್ಟಿದ್ರು. ಒಂದು ಹನಿ ಇರಲ್ಲ ಅಂದಿದ್ರು."

"ಹೌದು."

"ಹೇಳ್ದೆ ಇದ್ದಿದ್ರೆ ಸಹಿ ಆಗಿಹೋಗ್ತಿತ್ತು."

ಹುಡುಗ ಬಾಯಿ ತೆರೆದ: "ಅತ್ತೆ, ಕೈ ನೋಯ್ತಿದೆ." ಅತ್ತೆ ಕೈ ನೋಡಿಕೊಂಡರು. ಬೆರಳಿನ ಗುರುತು ಕೆಂಪಗೆ ಮೂಡಿತ್ತು. ಬಿಟ್ಟರು.

ಮಗಳು ಮೆಟ್ಟಿಲ ಮೇಲೆ, ಹುಡುಗನ ಈ ಪಕ್ಕ ಕೂತಳು. ಆ ಪಕ್ಕ ಅತ್ತೆ ಇದ್ದರು. ಕೆಳಗೆ ನಿಂತಿದ್ದ ಅಧಿಕಾರಿಯನ್ನು ನೋಡಿ ಕೇಳಿದಳು: "ಸಾರ್, ಇಲ್ಲಿ ಸಹಿ ಹಾಕಿದ್ರೆ ನಡೆಯುತ್ತಾ?"

ಅಧಿಕಾರಿ ಹಲಗೆಯ ಕಡೆ ಒಮ್ಮೆ ನೋಡಿದರು. "ಇಲ್ಲೇ ಹಾಕಿ ಅಂತ ನಾನೇ ಹೇಳೋನಿದ್ದೆ," ಎಂದರು.

ಪುಸ್ತಕವನ್ನು ಹುಡುಗನ ತೊಡೆಯ ಮೇಲಿಟ್ಟರು. ಇಬ್ಬರೂ ಸಹಿ ಹಾಕಿದರು. ಸಾಕ್ಷಿಗೆ ಎಂದು ಅಧಿಕಾರಿ ಪೆನ್ನು ಚಾಚಿದಾಗ ಅತ್ತೆ ಒಂದು ಕ್ಷಣ ಅದನ್ನು ತೆಗೆದುಕೊಳ್ಳದೆ ಕೂತರು. ಆಮೇಲೆ ತೆಗೆದುಕೊಂಡರು. ತಮ್ಮ ಸರದಿ ಬಂದಾಗ ಪಂಪಣ್ಣ ಹೆಂಡತಿಯ ಸೆರಗಿನಲ್ಲಿ ಕೈ ಒರೆಸಿಕೊಂಡು ಪೆನ್ನು ಹಿಡಿದರು, ಬಾಮೈದ ಪುಸ್ತಕ ಹಿಡಿದುಕೊಂಡ. "ಇದೇ ಕೈ ತಾನೇ?" ಎಂದು ಅವನು ಮೆಲ್ಲಗೆ ಕೇಳಿದ. ಯಾರೂ ನಗಲಿಲ್ಲ, ಅವನೂ ನಗಲಿಲ್ಲ.

ಬಟ್ಟೆ ಬದಲಿಸುವ ಕೋಣೆಗಳ ಉದ್ದನೆಯ ಬೆಂಚುಗಳ ಮೇಲೆ, ಗಾಡಿಗೆ ಏರಿಸದೆ ಉಳಿದಿದ್ದ ಪಾತ್ರೆಗಳಲ್ಲಿದ್ದದ್ದನ್ನು ಜನ ಹಂಚಿಕೊಂಡು ತಿಂದರು. ಚಮಚ ಸಾಲಲಿಲ್ಲ.

ಅಂದು ಸಂಜೆ ನೀರು ಹೊರಗೆ ಹೋಯಿತು. ಮರುದಿನ ಬಾಮೈದನ ಆಳುಗಳು ಸಾರುವೆ ಬಿಚ್ಚಿದರು. ಆಳದ ಕಡೆ ಟೈಲ್ಸ್ ಒಡೆದಿದ್ದನ್ನು ಕಾರ್ಯದರ್ಶಿ ಬಗ್ಗಿ ನೋಡಿದರು. ನೀರು ಬಿಟ್ಟದ್ದು ತಾನೇ ಎಂದು ಪಂಪಣ್ಣ ಕೇಳುವ ಮುಂಚೆಯೇ ಹೇಳಿದರು. ಸೋಮವಾರದಿಂದ ಪಂಪ್‌ಮನೆಯ ಕೀಲಿ ಬೇರೆಯವರ ಬಳಿ ಇರುತ್ತದೆ. ಪಂಪಣ್ಣ ಟಿಕೆಟ್ ಕೊಡುವ ಕಿಟಕಿಯಲ್ಲಿ ಕೂರುತ್ತಾರೆ.

ಲಾಂಡ್ರಿ ಅತ್ತೆ ಇನ್ನೂ ಅವರೊಂದಿಗೆ ನೇರವಾಗಿ ಮಾತಾಡಿಲ್ಲ. ಹೇಳುವುದಿದ್ದರೆ ಸೊಸೆಯ ಬಾಯಲ್ಲಿ ಹೇಳಿಸುತ್ತಾರೆ. ಬರುವ ಭಾನುವಾರ ಪಂಪಣ್ಣ, ಅವರ ಹೆಂಡತಿ ಇಬ್ಬರನ್ನೂ ಲಾಂಡ್ರಿಯ ಮೇಲಿನ ಮನೆಗೆ ಮಧ್ಯಾಹ್ನದ ಊಟಕ್ಕೆ ಕರೆದಿದ್ದಾರೆ. ಇಬ್ಬರೂ ಹೋಗುತ್ತಾರೆ.